ಒಂದೇ ಕಲ್ಲಿದ್ದಲು, ಉರಿ ಮಾತ್ರ ಬೇರೆ ಬೇರೆ ಯಾಕೆ?

ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಹಾರುಬೂದಿಯಲ್ಲಿ ಉರಿಯದ ಕರಿ ಉಳಿದರೆ ಒಬ್ಬರು ಗಣಿಯತ್ತ ಕೈ ತೋರಿಸುತ್ತಾರೆ, ಇನ್ನೊಬ್ಬರು ಬಾಯ್ಲರಿನತ್ತ. ಪುಡಿ ದಪ್ಪವಿದ್ದರೂ, ಗಾಳಿ ಸಾಲದಿದ್ದರೂ ಕರಿ ಉಳಿಯುತ್ತದೆ, ನಿಜ. ಆದರೆ ಕಲ್ಲಿದ್ದಲು ಕಾದು ಅನಿಲ ಬಿಟ್ಟ ಮೇಲೆ ಉಳಿಯುವುದು ಇದ್ದಿಲು. ಆ ಇದ್ದಿಲು ಉರಿಯುವ ಮೊದಲು ಎಷ್ಟು ಕಾದಿತ್ತು ಅಂತ ಕೇಳುವವರು ಕಡಿಮೆ.

ಮಲೆನಾಡಿನ ಮನೆಗಳಲ್ಲಿ ಇದು ಕಂಡ ಸಂಗತಿಯೇ. ಬಚ್ಚಲ ಒಲೆಯಿಂದ ಎಳೆದು ನೀರು ಚಿಮುಕಿಸಿದ ಇದ್ದಿಲು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಒಣಗಿದ ಮೇಲೆ ಒಂದು ಕೆಂಡ ತಾಗಿಸಿದರೆ ಸಾಕು, ಹತ್ತಿಕೊಳ್ಳುತ್ತದೆ. ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಮಾಡಿದ ಕುಲುಮೆಯ ಕೋಕ್ ಹಾಗಲ್ಲ. ಬೂದುಬಣ್ಣ, ಕಲ್ಲಿನಂಥ ಗಟ್ಟಿ. ತಿದಿ ಒತ್ತುತ್ತಲೇ ಇರಬೇಕು, ಗಾಳಿ ನಿಂತರೆ ಆರುತ್ತದೆ. ಎರಡರಲ್ಲೂ ಇರುವುದು ಬಹುಪಾಲು ಇಂಗಾಲವೇ ಅಲ್ವಾ?

ಬೆಂಕಿಪುರ ಎಂಬ ಹಳೆ ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯದು. ಕೋಕ್ ಮಾಡುವ ಕಲ್ಲಿದ್ದಲು ಈ ಸೀಮೆಯಲ್ಲಿಲ್ಲ, ಇದ್ದದ್ದು ಕಾಡು. ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡಿದರು. ಹೊರಟ ಹೊಗೆಯನ್ನು ತಣಿಸಿ ಟಾರು, ಮರದ ಆಲ್ಕೋಹಾಲು ತೆಗೆದರು. ಅದಕ್ಕೇ ಕಾರ್ಖಾನೆಯ ಮೊದಲ ಹೆಸರಲ್ಲಿ 'ವುಡ್ ಡಿಸ್ಟಿಲೇಷನ್' ಎಂದೂ ಇತ್ತು. ಮರದ ಇದ್ದಿಲಿಗೆ ಸಾಮಾನ್ಯವಾಗಿ 400–500 ಡಿಗ್ರಿ ಸಾಕು, ಕೋಕ್‌ಗೆ 1000 ಡಿಗ್ರಿಯ ಆಸುಪಾಸು ಬೇಕು. ಕಡಿಮೆ ಕಾದ ಇದ್ದಿಲು ಚುರುಕು, ಆದರೆ ಮೆತು. ಮೇಲಿನ ಅದಿರಿನ ಭಾರ ಜಾಸ್ತಿ ತಡೆಯದು. ಹಾಗಾಗಿ ಇದ್ದಿಲಿನ ಕುಲುಮೆಯನ್ನು ತೀರಾ ಎತ್ತರ ಕಟ್ಟುವಂತಿಲ್ಲ. ಆ ಕಬ್ಬಿಣದ ಲೆಕ್ಕದ ಪಕ್ಕದಲ್ಲೇ ಕಡಿದ ಕಾಡಿನ ಲೆಕ್ಕವನ್ನೂ ಬರೆದಿಡಬೇಕಿತ್ತು. ಮುಂದೆ ಜೋಗದ ವಿದ್ಯುತ್ ಬಂತು, ವಿದ್ಯುತ್ ಕುಲುಮೆಗಳು ಬಂದವು.

ಶಾಖ ಒಳಗೆ ಏನು ಮಾಡುತ್ತದೆ? ಕಾಯಿಸಿದ ಇಂಗಾಲಕ್ಕೆ ಎಕ್ಸ್-ರೇ ಹಿಡಿದು ಕಂಡದ್ದನ್ನು ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲಿ ಪ್ರಕಟಿಸಿದರು. 3000 ಡಿಗ್ರಿವರೆಗೆ ಕಾಯಿಸಿದರೆ ಕೆಲವು ಇಂಗಾಲ ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ, ಹಾಳೆಗಳು ಓರಣವಾಗಿ ಕೂತ ಇಂಗಾಲ) ಆಗುತ್ತವೆ, ಕೆಲವು ಆಗುವುದೇ ಇಲ್ಲ. ಅಷ್ಟು ಬಿಸಿ ಇಲ್ಲದೆಯೂ ಬದಲಾವಣೆ ಶುರುವಾಗಿರುತ್ತದೆ. ಅರೆಬೆಂದ ಇದ್ದಿಲಲ್ಲಿ ಇಂಗಾಲದ ಹಾಳೆಗಳು ಚಿಕ್ಕವು, ಅಡ್ಡಾದಿಡ್ಡಿ. ಆಕ್ಸಿಜನ್ ಕಚ್ಚುವುದು ಅವುಗಳ ಅಂಚನ್ನು. ಕಾಯುತ್ತ ಹೋದಂತೆ ಹೈಡ್ರೋಜನ್ ಬಿಟ್ಟು ಹೋಗುತ್ತದೆ. ಹಾಳೆಗಳು ಬೆಳೆದು ಒಂದರ ಮೇಲೊಂದು ಕೂರುತ್ತವೆ. ಅಂಚು ಕಮ್ಮಿಯಾಗುತ್ತದೆ, ಸಣ್ಣ ರಂಧ್ರಗಳು ಮುಚ್ಚುತ್ತವೆ. ಉರಿಗೆ ಒತ್ತಾಸೆಯಾಗಿದ್ದ ಪೊಟ್ಯಾಸಿಯಂ ಆವಿಯಾಗುತ್ತದೆ, ಕ್ಯಾಲ್ಸಿಯಂ ಗಂಟುಕಟ್ಟುತ್ತದೆ.

1990ರ ದಶಕದಲ್ಲಿ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಬರ್ನರುಗಳು ಹೊರದೇಶಗಳಲ್ಲಿ ಹರಡಿದಾಗ ಬೂದಿಯಲ್ಲಿ ಕರಿ ಹೆಚ್ಚಿತು, ಈ ವಿಷಯ ಮತ್ತೆ ಮೇಲೆ ಬಂತು. ಬಾಯ್ಲರಿನಲ್ಲಿ ಕಲ್ಲಿದ್ದಲಿನ ಕಣ ಇರುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಅದು ಉರಿಯುತ್ತಲೂ ಇರುತ್ತದೆ, ಜ್ವಾಲೆಯ ಶಾಖಕ್ಕೆ ಚುರುಕು ಕಳೆದುಕೊಳ್ಳುತ್ತಲೂ ಇರುತ್ತದೆ. 900 ಡಿಗ್ರಿಯಲ್ಲಿ ಮಾಡಿದ ಇದ್ದಿಲನ್ನು ಲ್ಯಾಬಿನಲ್ಲಿ ಉರಿಸಿ ಬಂದ ಉರಿಯುವ ವೇಗದ ಅಂಕಿಯನ್ನು ಸುಮ್ನೆ ಬಾಯ್ಲರಿಗೆ ಹೊಂದಿಸಿದರೆ, ಎಲ್ಲವೂ ಉರಿದು ಮುಗಿಯುತ್ತದೆ ಎಂದೇ ಲೆಕ್ಕ ಹೇಳುತ್ತದೆ. ಬೂದಿ ಬೇರೆಯದೇ ಹೇಳುತ್ತದೆ. ಅದಕ್ಕೇ ಪರೀಕ್ಷೆಯ ವರದಿಯಲ್ಲಿ ಅಂಕಿಯ ಜೊತೆ ಇದ್ದಿಲನ್ನು ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಕಾಯಿಸಿದ್ದರು ಅನ್ನುವುದೂ ಇರಬೇಕು.