ಹತ್ತು ವರ್ಷ ಪುಸ್ತಕ ಸುಟ್ಟವನು ಒಂದೇ ವಾರದಲ್ಲಿ ಬಂಡಾಯ ಏಳುತ್ತಾನಾ?

ಸಾಗರದ ಓದುಗರೊಬ್ಬರು ಕೇಳಿದ್ದಾರೆ: ‘ರೇ ಬ್ರಾಡ್‌ಬರಿಯ “ಫ್ಯಾರನ್‌ಹೀಟ್ 451” ಓದಿದೆ. ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧವಾದ ಊರಲ್ಲಿ ಅವನ್ನು ಸುಡುವುದೇ ಕೆಲಸವಾಗಿದ್ದ ಮಾಂಟಾಗ್, ಪಕ್ಕದ ಮನೆ ಹುಡುಗಿ ನಾಲ್ಕು ಮಾತಾಡಿದ್ದಕ್ಕೆ ಬದಲಾಗಿಬಿಡುತ್ತಾನಲ್ಲ, ನಂಬೋದು ಹೇಗೆ?’

ಅವನು ಬದಲಾಗಿದ್ದು ಆ ವಾರ ಅಲ್ಲವೇ ಅಲ್ಲ. ಆ ಹುಡುಗಿ ಕ್ಲಾರಿಸ್ ‘ನೀವು ಸುಖವಾಗಿದ್ದೀರಾ?’ ಅಂತ ಕೇಳುವ ಹೊತ್ತಿಗೆ ಅವನ ಮನೆಯ ಗಾಳಿಕಿಂಡಿಯ ಜಾಲರಿ ಹಿಂದೆ ಆಗಲೇ ಪುಸ್ತಕಗಳು ಬಚ್ಚಿಟ್ಟುಕೊಂಡಿವೆ, ವರ್ಷದಿಂದ ಆಗೊಂದು ಈಗೊಂದು ಅಂತ ಸೇರಿಸಿಟ್ಟಿದ್ದು. ಅದೇ ರಾತ್ರಿ ಅವನು ಜಾಲರಿ ಕಡೆ ನೋಡಿ ತಟ್ಟನೆ ಕಣ್ಣು ತಿರುಗಿಸುತ್ತಾನೆ. ಒಂದೇ ಸಾಲು, ಸುಮ್ನೆ ದಾಟಿಹೋಗುತ್ತೇವೆ. ಇನ್ನೊಂದು, ಪಾರ್ಕಿನಲ್ಲಿ ಸಿಕ್ಕ ಮುದುಕ ಪ್ರೊಫೆಸರ್ ಫೇಬರ್. ಅವನ ಹತ್ತಿರ ಪುಸ್ತಕ ಇದೆ ಅಂತ ಅನುಮಾನ ಬಂದರೂ ಮಾಂಟಾಗ್ ಹಿಡಿದುಕೊಡಲಿಲ್ಲ, ವಿಳಾಸದ ಚೀಟಿ ಮಾತ್ರ ಇಟ್ಟುಕೊಂಡ. ಹುಡುಗಿ ಬಂದು ಆ ಗುಟ್ಟನ್ನು ಅವನಿಗೇ ತೋರಿಸಿದಳು, ಅಷ್ಟೇ.

ಹಾಗಂತ ಅವನೇನು ದೊಡ್ಡ ಧೀರನೂ ಅಲ್ಲ, ಸ್ವಲ್ಪ ಹುಂಬ. ಹೆಂಡತಿಯ ಗೆಳತಿಯರ ಮುಂದೆ ಕವಿತೆ ಓದೋಕೆ ನಿಲ್ಲುತ್ತಾನೆ, ಕಿವಿಯೊಳಗಿನ ಪುಟಾಣಿ ಯಂತ್ರದಿಂದ ಫೇಬರ್ ಬೇಡ ಬೇಡ ಅಂದರೂ ಕೇಳಲ್ಲ. ಕೊನೆಗೆ ಹೆಂಡತಿಯೇ ದೂರು ಕೊಡುತ್ತಾಳೆ. ನನಗೆ ಅವನು ಇಷ್ಟ ಆಗೋದೇ ಈ ಎಡವಟ್ಟಿನಿಂದ. ಇಡೀ ಕಾದಂಬರಿಯಲ್ಲಿ ಪುಸ್ತಕ ಜಾಸ್ತಿ ಓದಿಕೊಂಡಂತೆ ಕಾಣುವವನು ಸುಡಿಸುವ ಮೇಲಧಿಕಾರಿ ಕ್ಯಾಪ್ಟನ್ ಬೀಟಿ! ಜನರೇ ಮೊದಲು ಓದುವುದು ಬಿಟ್ಟರು, ಸರ್ಕಾರ ಆಮೇಲೆ ಬಂತು ಅಂತ ಅವನು ವಿವರಿಸುವ ಭಾಗವನ್ನು ನಿಧಾನವಾಗಿ ಓದಿ, ಹೆದರಿಕೆ ಆಗುತ್ತದೆ. 1953ರ ಈ ಪುಸ್ತಕಕ್ಕೇ ಮುಂದೆ ಪ್ರಕಾಶಕರು ಲೇಖಕನಿಗೆ ಹೇಳದೆ ಸುಮಾರು 75 ಕಡೆ ಕತ್ತರಿ ಹಾಕಿದ್ದರು, ಶಾಲೆ ಮಕ್ಕಳು ಓದುತ್ತಾರೆ ಅಂತ.

ಕೊನೆಯಲ್ಲಿ ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡವರು ಊರಾಚೆ ಸಿಗುತ್ತಾರಲ್ಲ, ಅದು ವಿಚಿತ್ರ ಅನ್ನುವವರಿದ್ದಾರೆ. ತುಂಗೆ ದಂಡೆಯ ಹೊಸಹಳ್ಳಿಯಲ್ಲಿ ಕುಮಾರವ್ಯಾಸನ ಗಮಕ ಕೇಳಿದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಆದರೆ ಕಾದಂಬರಿಯ ಆ ಬಾಯಿಪಾಠದ ಜನರೂ ಸಿಕ್ಕಿಬೀಳುವ ಭಯಕ್ಕೆ ಓದಿದ ಪುಸ್ತಕ ಸುಟ್ಟವರೇ. ಹಾಗಾಗಿ ಮಾಂಟಾಗ್‌ಗೆ ‘ನೀನು ಇಷ್ಟು ವರ್ಷ ಏನು ಮಾಡುತ್ತಿದ್ದೆ’ ಅಂತ ಅಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ, ನಿನಗೆ ಯಾವ ಪುಸ್ತಕ ನೆನಪಿದೆ ಅಂತಷ್ಟೇ ವಿಚಾರಿಸುತ್ತಾರೆ.