ಸ್ಮಾರ್ಟ್ ಟಿವಿ, ಮಾನಿಟರ್ ಮತ್ತು ಖಾಸಗಿತನ: ಪರದೆಯ ಬೆರಳಚ್ಚಿನ ಲೆಕ್ಕ

'ಸ್ಮಾರ್ಟ್ ಟಿವಿಯಿಂದ ಮನೆಯ ಖಾಸಗಿತನಕ್ಕೆ ಒದಗುವ ಅಪಾಯವನ್ನು ವಿವರಿಸಿ' ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಮ್ಮಲ್ಲಿ ಹೆಚ್ಚಿನವರ ಲೇಖನಿ ನೇರವಾಗಿ ಕ್ಯಾಮೆರಾ, ಮೈಕ್ರೊಫೋನ್‌ಗಳ ಕಡೆಗೆ ಓಡುತ್ತದೆ. ನಾನೂ ಮೊದಲ ಸಲ ಹಾಗೆಯೇ ಎರಡು ಪುಟ ತುಂಬಿಸಿದ್ದೆ. ಆದರೆ ಬಹಳಷ್ಟು ಟಿವಿಗಳಲ್ಲಿ ಕ್ಯಾಮೆರಾ ಇರುವುದೇ ಇಲ್ಲ. ಮೈಕ್ ಇದ್ದರೂ ಎಷ್ಟೋ ಮಾದರಿಗಳಲ್ಲಿ ಅದು ರಿಮೋಟಿನೊಳಗೆ ಇರುತ್ತದೆ, ಗುಂಡಿ ಒತ್ತಿದಾಗ ಕಿವಿ ತೆರೆಯುತ್ತದೆ. ಟಿವಿ ಚಾಲೂ ಇರುವಾಗ ಸದ್ದಿಲ್ಲದೆ ಕೆಲಸ ಮಾಡುವ ಬೇಹುಗಾರ ಬೇರೆಯೇ ಇದ್ದಾನೆ. ಟಿವಿ ತನ್ನದೇ ಪರದೆಯನ್ನು ತಾನೇ ನೋಡಿಕೊಳ್ಳುತ್ತದೆ, ಅಲ್ಲಿ ಮೂಡಿದ್ದು ಏನೆಂದು ತಯಾರಕರಿಗೆ ವರದಿ ಒಪ್ಪಿಸುತ್ತದೆ. ಈ ಟಿಪ್ಪಣಿಯ ಬಹುಪಾಲು ಆ ಒಂದು ಸಂಗತಿಗೇ ಮೀಸಲು.

ಎಸಿಆರ್ ಕೆಲಸ ಮಾಡುವ ಬಗೆ

ಎಸಿಆರ್ ಎಂದರೆ ಆಟೊಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್. ಪರದೆಯಲ್ಲಿ ಓಡುತ್ತಿರುವುದು ಯಾವ ಕಾರ್ಯಕ್ರಮ, ಯಾವ ಜಾಹೀರಾತು ಎಂದು ಯಂತ್ರವೇ ಗುರುತು ಹಿಡಿಯುವ ವಿಧಾನ. ಮೊಬೈಲಿಗೆ ಹಾಡಿನ ಒಂದು ತುಣುಕು ಕೇಳಿಸಿ ಅದು ಯಾವ ಹಾಡೆಂದು ಪತ್ತೆ ಮಾಡಿಸಿಕೊಂಡಿದ್ದೀರಲ್ಲ, ತತ್ವ ಅದೇ. ಟಿವಿಯು ಪರದೆಯ ಚಿತ್ರದಿಂದಲೋ ಧ್ವನಿಯಿಂದಲೋ ಒಂದು ಚಿಕ್ಕ 'ಬೆರಳಚ್ಚು' ತಯಾರಿಸಿ ಸರ್ವರ್‌ಗೆ ಕಳುಹಿಸುತ್ತದೆ. ಅಲ್ಲಿ ಲೆಕ್ಕವಿಲ್ಲದಷ್ಟು ಕಾರ್ಯಕ್ರಮಗಳ ಬೆರಳಚ್ಚುಗಳನ್ನು ಮೊದಲೇ ಕೂಡಿಟ್ಟಿರುತ್ತಾರೆ. ಎರಡೂ ತಾಳೆಯಾದರೆ ಗುರುತು ಸಿಕ್ಕಿತು.

'ಬೆರಳಚ್ಚು' ಎಂಬ ಪದ ಓದಿ ಮುಂದೆ ಹೋಗಿಬಿಟ್ಟರೆ ಏನೂ ದಕ್ಕುವುದಿಲ್ಲ. ಒಂದು ಬೆರಳಚ್ಚನ್ನು ಕೈಯಾರೆ ಮಾಡಿಯೇ ನೋಡೋಣ. ಪ್ರತಿ ತಯಾರಕರ ಸೂತ್ರ ಬೇರೆ ಬೇರೆ. ಇಲ್ಲಿ ಕೊಡುತ್ತಿರುವುದು ಚಿತ್ರಗಳನ್ನು ಹೋಲಿಸಲು ಕಲಿಕೆಯಲ್ಲಿ ಬಳಸುವ ಒಂದು ಸರಳ ವಿಧಾನ.

ಪರದೆಯ ಒಂದು ಫ್ರೇಮನ್ನು (ಒಂದು ಕ್ಷಣದ ಸ್ಥಿರ ಚಿತ್ರವನ್ನು) ತೆಗೆದುಕೊಂಡು ಬಣ್ಣ ಕಳೆದು, ಅಡ್ಡಕ್ಕೆ 9, ಉದ್ದಕ್ಕೆ 8 ಚುಕ್ಕೆ ಉಳಿಯುವಷ್ಟು ಕುಗ್ಗಿಸಿ. ಪ್ರತಿ ಚುಕ್ಕೆಗೂ 0ಯಿಂದ 255ರವರೆಗೆ ಒಂದು ಬೆಳಕಿನ ಅಂಕಿ. ಮೊದಲ ಸಾಲಿನ ಅಂಕಿಗಳು ಹೀಗಿವೆ ಎನ್ನಿ:

120, 118, 140, 140, 90, 95, 30, 31, 29

ಈಗ ಪ್ರತಿ ಅಂಕಿಯನ್ನು ಅದರ ಬಲಗಡೆಯ ಅಂಕಿಯೊಂದಿಗೆ ಹೋಲಿಸಿ. ಬಲಗಡೆಯದು ದೊಡ್ಡದಾದರೆ 1, ಇಲ್ಲವಾದರೆ 0. 120ರ ಪಕ್ಕದಲ್ಲಿ 118, ಆದ್ದರಿಂದ 0. 118ರ ಪಕ್ಕದಲ್ಲಿ 140, ಆದ್ದರಿಂದ 1. ಹೀಗೆ ಸಾಲು ಮುಗಿಸಿದರೆ ಸಿಗುವುದು 01001010. ಇಂಥ ಪ್ರತಿ 0 ಅಥವಾ 1 ಒಂದು ಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಂಟು ಸಾಲಿಗೆ ಎಂಟೆಂಟರಂತೆ ಒಟ್ಟು 64 ಬಿಟ್‌ಗಳು. ಆ ಫ್ರೇಮಿನ ಬೆರಳಚ್ಚು ಇಷ್ಟೇ, ಬರೀ ಎಂಟು ಬೈಟ್.

ಇದರ ಚಮತ್ಕಾರ ಇರುವುದು ಮುಂದಿನ ಹೆಜ್ಜೆಯಲ್ಲಿ. ನೀವು ಟಿವಿಯ ಬೆಳಕು ಹೆಚ್ಚಿಸಿದಿರಿ, ಪ್ರತಿ ಅಂಕಿಗೂ 10 ಸೇರಿತು. ಆದರೂ ಯಾವುದು ದೊಡ್ಡದು ಯಾವುದು ಚಿಕ್ಕದು ಎಂಬ ಸಂಬಂಧ ಬದಲಾಗಲಿಲ್ಲ, ಬೆರಳಚ್ಚು ಹಾಗೆಯೇ ಉಳಿಯಿತು. ಚಿತ್ರದ ಗುಣಮಟ್ಟ ಕುಸಿದರೂ, ಅಳತೆ ಬದಲಾದರೂ ಒಂದೆರಡು ಬಿಟ್ ಆಚೀಚೆ ಆದೀತು ಅಷ್ಟೆ. ಒಂದೇ ಫ್ರೇಮಿನಿಂದ ಅನುಮಾನ ಉಳಿದರೆ ಸಾಲಾಗಿ ಹತ್ತು ಫ್ರೇಮುಗಳ ಬೆರಳಚ್ಚು ಅದನ್ನು ತೊಳೆದುಹಾಕುತ್ತದೆ.

ಇಲ್ಲಿ ಒಂದು ವಾದ ಕಿವಿಗೆ ಬೀಳುತ್ತದೆ: 'ಚಿತ್ರವನ್ನೇ ಕಳುಹಿಸುವುದಿಲ್ಲ, ಎಂಟು ಬೈಟಿನಿಂದ ಚಿತ್ರ ಮರಳಿ ಕಟ್ಟಲೂ ಬರುವುದಿಲ್ಲ, ಹೀಗಿರುವಾಗ ಖಾಸಗಿತನದ ಮಾತೆಲ್ಲಿ?' ಮೊದಲ ಎರಡು ಮಾತು ನಿಜ, ಮೂರನೆಯದು ಜಾಣತನ. ಗ್ರಂಥಾಲಯದಲ್ಲಿ ನೀವು ಓದಿದ ಪುಸ್ತಕದ ಪುಟಗಳನ್ನು ಯಾರೂ ನಕಲು ಮಾಡಿಕೊಳ್ಳಬೇಕಾಗಿಲ್ಲ. ಎರವಲು ಚೀಟಿಯ ಮೇಲಿನ ಪುಸ್ತಕದ ಹೆಸರು ಸಾಕು.

ಎಚ್‌ಡಿಎಂಐ ಎಂಬ ಮರೆತುಹೋಗುವ ಬಾಗಿಲು

ಬೆರಳಚ್ಚು ಹುಟ್ಟುವುದು ಪರದೆಯ ಮಟ್ಟದಲ್ಲಿ. ಚಿತ್ರ ಎಲ್ಲಿಂದ ಬಂತು ಎಂಬುದು ಅದಕ್ಕೆ ಮುಖ್ಯವಲ್ಲ. ಸೆಟ್‌ಟಾಪ್ ಬಾಕ್ಸ್, ಡಿವಿಡಿ, ಆಟದ ಕನ್ಸೋಲ್, ಎಚ್‌ಡಿಎಂಐ ಕೇಬಲ್ ಮೂಲಕ ಜೋಡಿಸಿದ ಲ್ಯಾಪ್‌ಟಾಪ್, ಎಲ್ಲವೂ ಕೊನೆಗೆ ಆ ಪರದೆಗೇ ಬರಬೇಕು. 'ನಾನು ಟಿವಿಯ ಆ್ಯಪ್‌ಗಳನ್ನೇ ಮುಟ್ಟುವುದಿಲ್ಲ' ಎನ್ನುವವರು ಈ ಸಾಲನ್ನು ಎರಡು ಸಲ ಓದಬೇಕು.

2024ರಲ್ಲಿ ಬ್ರಿಟನ್, ಅಮೆರಿಕ ಮತ್ತು ಸ್ಪೇನ್ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳಿಂದ ಹೊರಹೋಗುವ ದತ್ತಾಂಶವನ್ನು ಅಳೆದರು. ಎಲ್‌ಜಿ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಪರದೆಯನ್ನು ಸೆರೆಹಿಡಿದು 15 ಸೆಕೆಂಡಿಗೊಮ್ಮೆ ಬೆರಳಚ್ಚುಗಳ ಗಂಟನ್ನು ರವಾನಿಸುತ್ತಿತ್ತು. ಸ್ಯಾಮ್‌ಸಂಗ್‌ನಲ್ಲಿ ಸೆರೆಹಿಡಿಯುವುದು 500 ಮಿಲಿಸೆಕೆಂಡಿಗೊಮ್ಮೆ, ಕಳುಹಿಸುವುದು ನಿಮಿಷಕ್ಕೊಮ್ಮೆ. ಎಚ್‌ಡಿಎಂಐ ಮೂಲಕ ಬಂದ ಚಿತ್ರಕ್ಕೂ ಇದು ನಡೆಯುತ್ತಿತ್ತು. ತಮಾಷೆಯೆಂದರೆ ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಂಥ ಆ್ಯಪ್ ತೆರೆದಾಗ ಎಸಿಆರ್ ತೆಪ್ಪಗಾಗುತ್ತಿತ್ತು. ಆ ಕಂಪನಿಗಳು ತಮ್ಮ ವೀಕ್ಷಕರ ಲೆಕ್ಕವನ್ನು ಬೇರೆಯವರ ಕೈಗೆ ಕೊಡಲು ಒಪ್ಪುವುದಿಲ್ಲ ಎಂದು ನನ್ನ ಊಹೆ. ದೊಡ್ಡವರ ದತ್ತಾಂಶಕ್ಕೆ ಕಾವಲಿದೆ, ನಿಮ್ಮ ಲ್ಯಾಪ್‌ಟಾಪಿಗೆ ಇಲ್ಲ. ಇದೇ ಅಧ್ಯಯನದ ಒಂದು ಸಮಾಧಾನದ ಅಂಶವನ್ನೂ ಬರೆದುಕೊಳ್ಳಿ: ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಹಿಂತೆಗೆದುಕೊಂಡ ಮೇಲೆ ಎಸಿಆರ್ ಸರ್ವರ್‌ಗಳ ಜೊತೆಗಿನ ಸಂಚಾರ ನಿಂತಿತು.

ಇದನ್ನೆಲ್ಲ ಯಾಕೆ ಮಾಡುತ್ತಾರೆ

ಟಿವಿ ಮಾರಾಟದಲ್ಲಿ ಲಾಭ ತೆಳು. 2019ರ ಸಂದರ್ಶನವೊಂದರಲ್ಲಿ ಅಮೆರಿಕದ ವಿಜಿಯೊ ಕಂಪನಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ ಈ ಉದ್ಯಮದ ಲಾಭಾಂಶ ಶೇ 6ರಷ್ಟು ಎಂದು ಹೇಳಿ, ಮಾರಾಟದ ನಂತರವೂ ಸೆಟ್ಟಿನಿಂದ ಹಣ ಗಳಿಸುವ ಕ್ರಮವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. 2021ರ ಮೂರನೆಯ ತ್ರೈಮಾಸಿಕದಲ್ಲಿ ಅದೇ ಕಂಪನಿಗೆ ಜಾಹೀರಾತು ಮತ್ತು ದತ್ತಾಂಶದ ವಿಭಾಗ ತಂದ ಒಟ್ಟು ಲಾಭ ಟಿವಿಗಳನ್ನು ಮಾರಿ ಬಂದದ್ದಕ್ಕಿಂತ ಎರಡು ಪಟ್ಟು ಮೀರಿತ್ತು. 2024ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ ವಿಜಿಯೊವನ್ನು 230 ಕೋಟಿ ಡಾಲರಿಗೆ ಕೊಂಡಿತು. ಅಂಗಡಿಯವರಿಗೆ ಟಿವಿ ಕಂಪನಿ ಏಕೆ ಬೇಕು ಎಂದು ಯೋಚಿಸಿದರೆ ಈ ಭಾಗ ತಾನಾಗಿ ನೆನಪಿರುತ್ತದೆ. ಯಾರು ಯಾವ ಜಾಹೀರಾತು ನೋಡಿದರು, ನೋಡಿದವರು ಏನು ಕೊಂಡರು, ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡಬಹುದು.

ಪಟ್ಟಿಗಳನ್ನು ಜೋಡಿಸುವ ದಾರ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಮನೆಯ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಮನೆಯ ಟಿವಿ, ಮೊಬೈಲ್, ಲ್ಯಾಪ್‌ಟಾಪ್ ಎಲ್ಲವೂ ಒಂದೇ ರೂಟರ್ ಮೂಲಕ ಹೊರಹೋಗುವುದರಿಂದ ಹೊರಗಿನವರಿಗೆ ಅವು ಒಂದೇ ಮನೆಯವೆಂದು ಅಂದಾಜಿಸುವುದು ಕಷ್ಟವಲ್ಲ. ಟಿವಿಯಲ್ಲಿ ನೋಡಿದ ವಸ್ತುವಿನ ಜಾಹೀರಾತು ಮೊಬೈಲಿನಲ್ಲಿ ಬಂದರೆ ಮೈಕ್ ಕದ್ದು ಕೇಳಿತೆಂದು ಅನುಮಾನಿಸುತ್ತೇವೆ. ಕೇಳುವ ಕಷ್ಟವನ್ನೇ ತೆಗೆದುಕೊಳ್ಳದೆ ಇದು ಆಗಬಹುದು.

ಕಾನೂನಿನ ಕಥೆ, ಒಂದು ಪಟ್ಟಿಯಿಂದ ಶುರು

1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಹುದ್ದೆಗೆ ರಾಬರ್ಟ್ ಬೋರ್ಕ್ ಅವರ ಹೆಸರು ಸೂಚಿತವಾಗಿದ್ದಾಗ, ವಾಷಿಂಗ್ಟನ್‌ನ ವಾರಪತ್ರಿಕೆಯೊಂದು ಅವರ ಕುಟುಂಬ ಬಾಡಿಗೆಗೆ ತಂದಿದ್ದ ವಿಡಿಯೊ ಕ್ಯಾಸೆಟ್‌ಗಳ ಪಟ್ಟಿಯನ್ನು ಪಡೆದು ಅದರ ಬಗ್ಗೆ ಬರೆಯಿತು. ಪಟ್ಟಿಯಲ್ಲಿ ಹಗರಣವೇನೂ ಇರಲಿಲ್ಲ. ಆದರೂ ಸಂಸದರಿಗೆ ತಮ್ಮ ತಮ್ಮ ಪಟ್ಟಿ ನೆನಪಾಗಿರಬೇಕು, 1988ರಲ್ಲೇ ವಿಡಿಯೊ ಖಾಸಗಿತನ ರಕ್ಷಣೆಗೆ ಕಾಯ್ದೆ ಬಂತು. ಅಂದು ಕಾನೂನು ಬರೆಸಿದ್ದು ಕೇವಲ ಕ್ಯಾಸೆಟ್ ಹೆಸರುಗಳು. ಇಂದಿನ ಲೆಕ್ಕ ಸೆಕೆಂಡುಗಳಲ್ಲಿದೆ.

ಆ ಲೆಕ್ಕ ಕಾನೂನಿನ ಕಟಕಟೆಗೆ ಬಂದದ್ದು 2017ರ ಫೆಬ್ರುವರಿಯಲ್ಲಿ. 2014ರ ಫೆಬ್ರುವರಿಯಿಂದ ವಿಜಿಯೊ 1 ಕೋಟಿ 10 ಲಕ್ಷ ಟಿವಿಗಳಿಂದ ವೀಕ್ಷಣೆಯ ವಿವರವನ್ನು ಸ್ಪಷ್ಟ ಒಪ್ಪಿಗೆಯಿಲ್ಲದೆ ಸಂಗ್ರಹಿಸಿತು, ಅದಕ್ಕೆ ವಯಸ್ಸು, ಲಿಂಗ, ಆದಾಯದಂಥ ವಿವರ ಜೋಡಿಸಲು ಅನುವು ಮಾಡಿ ಬೇರೆಯವರಿಗೆ ಮಾರಿತು ಎಂಬುದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದ ಆರೋಪ. ಕಂಪನಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು, 2016ರ ಮಾರ್ಚ್ 1ಕ್ಕೆ ಮೊದಲಿನ ದತ್ತಾಂಶ ಅಳಿಸಲು ಒಪ್ಪಿತು. ಆ ಸೌಲಭ್ಯಕ್ಕೆ ಮೆನುವಿನಲ್ಲಿ ಇಟ್ಟಿದ್ದ ಹೆಸರು 'ಸ್ಮಾರ್ಟ್ ಇಂಟರ್‌ಆ್ಯಕ್ಟಿವಿಟಿ'. ಹೆಸರಿನಲ್ಲಿ ನೋಡುವುದರ ಸುಳಿವೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ಟೆಕ್ಸಾಸ್ ರಾಜ್ಯ ಇದೇ ಎಸಿಆರ್ ವಿಷಯದಲ್ಲಿ ಸ್ಯಾಮ್‌ಸಂಗ್, ಸೋನಿ, ಎಲ್‌ಜಿ, ಹೈಸೆನ್ಸ್, ಟಿಸಿಎಲ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು.

ಕ್ಯಾಮೆರಾ, ಮೈಕ್

ಮರೆಯಬಾರದು, ಆದರೆ ಚಿಕ್ಕದಾಗಿ ಮುಗಿಸೋಣ. 2015ರಲ್ಲಿ ಸ್ಯಾಮ್‌ಸಂಗ್‌ನ ಖಾಸಗಿತನ ನೀತಿಯ ಒಂದು ಸಾಲು ಗದ್ದಲ ಎಬ್ಬಿಸಿತು: ಧ್ವನಿ ಗುರುತಿಸುವ ಸೌಲಭ್ಯ ಬಳಸುವಾಗ ಆಡಿದ ಮಾತು, ಅದರಲ್ಲಿ ಖಾಸಗಿ ವಿಷಯವಿದ್ದರೂ, ಮೂರನೆಯವರಿಗೆ ಹೋಗಬಹುದು ಎಂಬರ್ಥದ ಸಾಲು ಅದು. 2017ರ ಮಾರ್ಚ್‌ನಲ್ಲಿ ವಿಕಿಲೀಕ್ಸ್ ಹೊರಹಾಕಿದ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಕಡತಗಳಲ್ಲಿ 'ವೀಪಿಂಗ್ ಏಂಜೆಲ್' ಎಂಬ ಸಾಧನದ ವಿವರವಿತ್ತು. ಸ್ಯಾಮ್‌ಸಂಗ್‌ನ ಕೆಲವು ಮಾದರಿಗಳು ಆರಿದಂತೆ ನಟಿಸುತ್ತಲೇ ಕೋಣೆಯ ಮಾತು ಕೇಳುವಂತೆ ಮಾಡುವ ಉಪಾಯ. ಅದನ್ನು ಯುಎಸ್‌ಬಿ ಮೂಲಕ, ಅಂದರೆ ಮನೆಯೊಳಗೆ ಬಂದು, ಅಳವಡಿಸಬೇಕಿತ್ತು. ಉತ್ತರದಲ್ಲಿ ಈ ವ್ಯತ್ಯಾಸ ಬರೆಯಿರಿ: ಗೂಢಚಾರರು ಬರುವುದು ಆಯ್ದ ಕೆಲವರ ಮನೆಗೆ, ಎಸಿಆರ್ ಓಡುವುದು ಅದು ಚಾಲೂ ಇರುವ ಪ್ರತಿ ಸೆಟ್ಟಿನಲ್ಲಿ.

ಮಾನಿಟರ್ ಎಂಬ ಮೂಕ ಪೆಟ್ಟಿಗೆ ಮಾತು ಕಲಿತಾಗ

ಹಳೆಯ ಬಗೆಯ ಮಾನಿಟರ್ ಬಲು ಸಂಭಾವಿತ. ಕೇಬಲ್ ಚುಚ್ಚಿದ ಕೂಡಲೇ ಅದು ಕಂಪ್ಯೂಟರ್‌ಗೆ 128 ಬೈಟಿನ ಒಂದು ಪರಿಚಯ ಪತ್ರ ಕೊಡುತ್ತದೆ. ಅದರ ಹೆಸರು ಇಡಿಐಡಿ. ತಯಾರಕರು ಯಾರು, ಯಾವ ಮಾದರಿ, ಕ್ರಮಸಂಖ್ಯೆ, ತಯಾರಾದ ವರ್ಷ, ತೋರಿಸಬಲ್ಲ ಅಳತೆಗಳು, ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಅದಕ್ಕೆ ವೈಫೈ ಇಲ್ಲ, ಆದ್ದರಿಂದ ಹೊರಗಿನವರಿಗೆ ಹೇಳಲು ಬಾಯಿಯೂ ಇಲ್ಲ.

2020ರಿಂದ ಸ್ಯಾಮ್‌ಸಂಗ್ ತನ್ನ ಟಿವಿಗಳ ಟೈಜೆನ್ ತಂತ್ರಾಂಶವನ್ನೇ ಹಾಕಿ 'ಸ್ಮಾರ್ಟ್ ಮಾನಿಟರ್' ಮಾರುತ್ತಿದೆ, ಎಲ್‌ಜಿ ಕೂಡ ತನ್ನ ಟಿವಿಗಳ ವೆಬ್‌ಓಎಸ್ ತಂತ್ರಾಂಶ ಇರುವ ಮಾನಿಟರ್‌ಗಳನ್ನು ತಂದಿದೆ. ಮೇಜಿನ ಮೇಲೆ ಕುಳಿತ ಮಾತ್ರಕ್ಕೆ ಇವು ಟಿವಿಯ ಸ್ವಭಾವ ಬಿಟ್ಟಿರುತ್ತವೆ ಎಂದುಕೊಳ್ಳುವಂತಿಲ್ಲ. ನಿಮ್ಮ ಇಮೇಲ್ ಅಥವಾ ಬ್ಯಾಂಕಿನ ಪುಟದ ಬೆರಳಚ್ಚು ಹೊರಗೆ ಹೋದರೂ ಯಾವ ಕಾರ್ಯಕ್ರಮದೊಂದಿಗೂ ತಾಳೆಯಾಗದು, ಭಯವನ್ನು ಅಷ್ಟರಮಟ್ಟಿಗೆ ಇಳಿಸಿಕೊಳ್ಳಿ. ಆದರೆ ಕಚೇರಿಯ ಕೆಲಸ ತೋರಿಸುವ ಪರದೆಯೊಳಗೆ ಜಾಹೀರಾತಿಗಾಗಿ ಬರೆದ ತಂತ್ರಾಂಶ ಕುಳಿತಿರಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಕೆಲಸದ ಮಾನಿಟರ್‌ಗೆ ಇಂಟರ್ನೆಟ್ ಕೊಡಬೇಡಿ, ಮುಗಿಯಿತು. ಚಿತ್ರ ಕೇಬಲ್ ಮೂಲಕ ಹೇಗೂ ಬರುತ್ತದೆ.

ಮಾಡಬೇಕಾದದ್ದು

ಮೊದಲ ಕೆಲಸ ಎಸಿಆರ್ ಆಫ್ ಮಾಡುವುದು. ಕಷ್ಟವಿರುವುದು ಹೆಸರಿನಲ್ಲಿ. ಸ್ಯಾಮ್‌ಸಂಗ್‌ನಲ್ಲಿ ಅದು 'ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್', ಎಲ್‌ಜಿಯಲ್ಲಿ 'ಲೈವ್ ಪ್ಲಸ್', ರೋಕು ತಂತ್ರಾಂಶದ ಟಿವಿಗಳಲ್ಲಿ 'ಯೂಸ್ ಇನ್ಫೋ ಫ್ರಮ್ ಟಿವಿ ಇನ್‌ಪುಟ್ಸ್'. ನಮ್ಮ ಮನೆಯ ಟಿವಿಯಲ್ಲಿ (ಕಂಪನಿ ಯಾವುದೆಂಬುದು ಬೇಡ) ಮೊದಲ ದಿನ 'ಎಲ್ಲಕ್ಕೂ ಒಪ್ಪಿಗೆ' ಗುಂಡಿ ಪರದೆಯ ನಡುವೆ ದೊಡ್ಡದಾಗಿ ಹೊಳೆಯುತ್ತಿತ್ತು, ಒಂದು ಒತ್ತಿನಲ್ಲಿ ಮುಗಿಯಿತು. ಆ ಒಪ್ಪಿಗೆ ಹಿಂತೆಗೆದುಕೊಳ್ಳಲು ರಿಮೋಟಿನ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂದು ಎಣಿಸಿದೆ: ಹತ್ತೊಂಬತ್ತು. ತಂತ್ರಾಂಶದ ಒಂದು ಅಪ್‌ಡೇಟ್ ಆದ ಮೇಲೆ ಮತ್ತೆ ಒಳಹೊಕ್ಕು ನೋಡಿದರೆ ಎರಡು ಆಯ್ಕೆಗಳು ತಾವಾಗಿಯೇ ಚಾಲೂ ಆಗಿದ್ದವು. ಅಪ್‌ಡೇಟ್ ಆದಾಗಲೆಲ್ಲ ಈ ಮೆನು ತೆರೆಯುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಎಸಿಆರ್ ಆಫ್ ಮಾಡಿದರೆ ಆ್ಯಪ್‌ಗಳು ಬಾಯಿ ಮುಚ್ಚುವುದಿಲ್ಲ. 2019ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ಪರೀಕ್ಷಿಸಿದ ರೋಕು ಚಾನೆಲ್‌ಗಳಲ್ಲಿ (ಇಲ್ಲಿ ಚಾನೆಲ್ ಎಂದರೆ ಆ್ಯಪ್) ಶೇ 69ರಲ್ಲಿ, ಅಮೆಜಾನ್ ಫೈರ್ ಟಿವಿ ಚಾನೆಲ್‌ಗಳಲ್ಲಿ ಶೇ 89ರಲ್ಲಿ ಜಾಡು ಹಿಡಿಯುವ ಸರ್ವರ್‌ಗಳೊಂದಿಗೆ ಸಂಪರ್ಕ ಕಂಡುಬಂತು. ಇವುಗಳಿಗೆ ಮೆನುವಿನಲ್ಲಿರುವ, ಜಾಹೀರಾತು ಗುರುತನ್ನು (ಜಾಹೀರಾತುದಾರರು ನಿಮ್ಮ ಟಿವಿಯನ್ನು ಗುರುತಿಸುವ ಸಂಖ್ಯೆಯನ್ನು) ಮಿತಿಗೊಳಿಸುವ ಆಯ್ಕೆ ಸ್ವಲ್ಪ ತಡೆ ಒಡ್ಡುತ್ತದೆ, ರೂಟರ್ ಮಟ್ಟದ ಡಿಎನ್‌ಎಸ್ ಸೋಸುಗ (ಟಿವಿ ಕೇಳುವ ಸರ್ವರ್ ಹೆಸರುಗಳಲ್ಲಿ ಬೇಡದ್ದನ್ನು ತಡೆಯುವ ಜರಡಿ) ಇನ್ನಷ್ಟು. ಟಿವಿಯನ್ನು ಅತಿಥಿ ವೈಫೈಗೆ ಸೇರಿಸಿದರೆ ಮನೆಯ ಉಳಿದ ಉಪಕರಣಗಳ ಮೇಲೆ ಅದು ಕಣ್ಣು ಹಾಯಿಸಲಾರದು, ಆದರೆ ಹೊರಗಿನ ಸಂಪರ್ಕ ತಪ್ಪುವುದಿಲ್ಲ. ಈ ಎರಡನ್ನು ಒಂದೇ ಎಂದು ಬರೆದು ಅಂಕ ಕಳೆದುಕೊಂಡವರಿದ್ದಾರೆ. ಟಿವಿಯನ್ನು ಯಾರಿಗಾದರೂ ಕೊಡುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡಿ. ಇಲ್ಲವಾದರೆ ಖಾತೆಗಳು, ವೈಫೈ ಪಾಸ್‌ವರ್ಡ್ ಎಲ್ಲ ಅದರೊಂದಿಗೇ ಹೋಗುತ್ತವೆ.

ಅಭ್ಯಾಸಕ್ಕೆ ಎರಡು

ಒಂದು. ಮೇಲಿನ ಸಾಲಿನ ಕೊನೆಯ ಮೂರು ಚುಕ್ಕೆಗಳ ಮೇಲೆ ಬಿಳಿಯ ಉಪಶೀರ್ಷಿಕೆ ಬಂದು 30, 31, 29ರ ಜಾಗದಲ್ಲಿ 200, 200, 200 ಆಯಿತು. ಎಂಟರಲ್ಲಿ ಎಷ್ಟು ಬಿಟ್ ಬದಲಾದವು? ನನಗೆ ಬಂದ ಉತ್ತರ ಎರಡು, ನೀವೂ ಮಾಡಿ ನೋಡಿ. 64ರಲ್ಲಿ ಇಂಥ ಎಷ್ಟು ವ್ಯತ್ಯಾಸದವರೆಗೆ 'ಅದೇ ಚಿತ್ರ' ಎನ್ನಬಹುದು ಎಂದೂ ಯೋಚಿಸಿ.

ಎರಡು. ಎಸಿಆರ್ ಆಫ್ ಮಾಡುವ ಮೊದಲು ಒಂದು ಗಂಟೆ, ಆಫ್ ಮಾಡಿದ ಮೇಲೆ ಒಂದು ಗಂಟೆ, ಎಚ್‌ಡಿಎಂಐಗೆ ಲ್ಯಾಪ್‌ಟಾಪ್ ಜೋಡಿಸಿ ಒಂದೇ ವಿಡಿಯೊ ಓಡಿಸಿ. ರೂಟರ್‌ನ ಲಾಗ್‌ನಲ್ಲಿ ಟಿವಿ ಯಾವ ಯಾವ ಸರ್ವರ್‌ಗಳ ಹೆಸರು ಕೇಳಿತು, ಎಷ್ಟು ಹೊತ್ತಿಗೊಮ್ಮೆ ಕೇಳಿತು ಎಂದು ಎರಡು ಪಟ್ಟಿ ಮಾಡಿ. ಹೆಸರುಗಳ ನಡುವೆ ಎಲ್ಲಾದರೂ ಇಂಗ್ಲಿಷಿನ 'acr' ಎಂಬ ಮೂರು ಅಕ್ಷರಗಳಿವೆಯೇ ಎಂದು ಹುಡುಕಿ. ಆ 2024ರ ಸಂಶೋಧಕರೂ ಶುರುಮಾಡಿದ್ದು ಸುಮಾರು ಹೀಗೆಯೇ.