ಸಂತ ಜೋಸೆಫ್ ವಾಜ್ ಯಾವ ಸಭೆಯವರು?

ಮಂಗಳೂರು ಹತ್ತಿರದ ಮುಡಿಪುವಿನಲ್ಲಿ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರವಿದೆ. ಅವರು ಗೋವಾದವರು, ಶ್ರೀಲಂಕಾದಲ್ಲಿ ದುಡಿದು ಅಲ್ಲೇ ತೀರಿಕೊಂಡರು ಎಂಬುದು ಕರಾವಳಿಯಲ್ಲಿ ಬಹಳ ಮಂದಿಗೆ ಗೊತ್ತು. ಅವರು ಸೇರಿದ್ದ ಸಭೆ ಗೋವಾ ಒರಾಟರಿ, ಅಂದರೆ ಪಾದ್ರಿಗಳು ಒಟ್ಟಿಗೆ ಬದುಕುವ ಕೂಟ. ಅದರ ಸ್ಥಾಪಕರು ಅವರೇ ಎಂಬ ಮಾತೂ ರೂಢಿಯಲ್ಲಿದೆ. ಅದು ಅರ್ಧ ಮಾತ್ರ ನಿಜ.

ವಾಜ್ ಹುಟ್ಟಿದ್ದು 1651ರಲ್ಲಿ, ಗೋವಾದ ಬೆನೌಲಿಂನಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಆ ಕಾಲದ ಗೋವಾದಲ್ಲಿ ಜೆಸ್ವಿಟರು, ಫ್ರಾನ್ಸಿಸ್ಕನ್ನರು, ಡೊಮಿನಿಕನ್ನರು ಮುಂತಾದ ಧಾರ್ಮಿಕ ಸಭೆಗಳಿಗೆಲ್ಲ ದೊಡ್ಡ ದೊಡ್ಡ ಮಠಗಳಿದ್ದವು. ಆದರೆ ಅಲ್ಲಿ ಗೋವಾದ ಮಣ್ಣಿನ ಮಕ್ಕಳಿಗೆ ಜಾಗವಿರಲಿಲ್ಲ. ಸ್ಥಳೀಯರು ಪಾದ್ರಿಗಳಾಗಬಹುದಿತ್ತು, ಸಭೆಗಳನ್ನು ಸೇರುವಂತಿರಲಿಲ್ಲ. ವಾಜ್ ಹುಟ್ಟುವ ಮೊದಲೇ ಮಾತೇವುಸ್ ದೆ ಕಾಸ್ತ್ರೊ ಎಂಬ ಗೋವಾದವರು ಇದೇ ಕಾರಣಕ್ಕೆ ರೋಮಿಗೆ ಹೋಗಿ, ಅಲ್ಲೇ ಬಿಷಪ್ ಆಗಿ ಬಂದಿದ್ದರು. ಪೋರ್ಚುಗೀಸರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಮಾತೇವುಸ್ ಅವರ ಸಂಬಂಧಿ ಥಾಮಸ್ ದೆ ಕಾಸ್ತ್ರೊ ಕೂಡ ರೋಮಿನಿಂದಲೇ ನೇಮಕವಾಗಿ ಮಂಗಳೂರಿಗೆ ಬಂದರು. 1680ರಲ್ಲಿ ಅಲ್ಲಿನ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದವರು ಇವರೇ. ಮರುವರ್ಷ ಪೋರ್ಚುಗೀಸರ ಕಡೆಯ ಗೋವಾ ಧರ್ಮಪ್ರಾಂತ್ಯದವರು ವಾಜ್ ಅವರನ್ನು ಕೆನರಾಕ್ಕೆ, ಅಂದರೆ ಮಂಗಳೂರು ಸೇರಿದ ಕರಾವಳಿಗೆ, ಕಳಿಸಿದರು. ಒಂದೇ ಊರು, ಒಬ್ಬರು ರೋಮಿನ ಕಡೆಯವರು, ಇನ್ನೊಬ್ಬರು ಗೋವಾದ ಕಡೆಯವರು. ಜನ ಯಾರ ಮಾತು ಕೇಳಬೇಕು? ವಾಜ್ ಜಗಳ ತಣಿಸಲು ನೋಡಿದರು. ಬಸ್ರೂರು, ಕುಂದಾಪುರ, ಗಂಗೊಳ್ಳಿ ಕಡೆಯೆಲ್ಲ ಓಡಾಡಿದರು. 1684ರಲ್ಲಿ ಗೋವಾಕ್ಕೆ ವಾಪಸಾದರು.

ಅಷ್ಟರಲ್ಲಿ ಹಳೆಗೋವಾದ ಗುಡ್ಡವೊಂದರ ಮೇಲಿನ ಪವಾಡ ಶಿಲುಬೆಯ ಇಗರ್ಜಿಯಲ್ಲಿ ಕೆಲವು ಸ್ಥಳೀಯ ಪಾದ್ರಿಗಳು ಒಟ್ಟಿಗೆ ಬದುಕಲು ಶುರು ಮಾಡಿದ್ದರು. ಆರಂಭಿಸಿದವರು ಪಾಸ್ಕೋಲ್ ದಾ ಕೋಸ್ತಾ ಜೆರೆಮಿಯಾಸ್. ವಾಜ್ ಅಲ್ಲಿಗೆ ಸೇರಿದ್ದು 1685ರ ಸೆಪ್ಟೆಂಬರ್‌ನಲ್ಲಿ. ಅಂದರೆ ಮನೆ ಮೊದಲೇ ಇತ್ತು. ಅದಕ್ಕೆ ಒಂದು ನಿಯಮ, ಒಂದು ಗುರಿ ಕೊಟ್ಟವರು ವಾಜ್. ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು.

ಅವರು ಆಯ್ದುಕೊಂಡ ಮಾದರಿ ಸಂತ ಫಿಲಿಪ್ ನೇರಿ ರೋಮಿನಲ್ಲಿ ಆರಂಭಿಸಿದ ಒರಾಟರಿ. 1575ರಲ್ಲಿ ಪೋಪರ ಮಾನ್ಯತೆ ಪಡೆದದ್ದು. ಇದರ ವಿಶೇಷ ಏನೆಂದರೆ ಇಲ್ಲಿ ಸನ್ಯಾಸಿಗಳ ಹಾಗೆ ವ್ರತ ಮಾಡಬೇಕಾಗಿಲ್ಲ. ಸಾಮಾನ್ಯ ಪಾದ್ರಿಗಳಾಗಿಯೇ ಉಳಿದು ಒಟ್ಟಿಗೆ ಇರುತ್ತಾರೆ, ಪ್ರೀತಿಯೇ ಕಟ್ಟು. ಪ್ರತಿ ಊರಿನ ಒರಾಟರಿಯೂ ಸ್ವತಂತ್ರ. ಸಭೆಗಳ ಬಾಗಿಲು ಮುಚ್ಚಿದ್ದ ಜನರಿಗೆ ಇದಕ್ಕಿಂತ ಅನುಕೂಲದ ದಾರಿ ಇರಲಿಲ್ಲ. ಯಾವ ಯುರೋಪಿನ ಸಭೆಯ ಒಪ್ಪಿಗೆಗೂ ಕಾಯಬೇಕಿಲ್ಲ, ಅಲ್ವಾ? ನಿಯಮಗಳನ್ನು ಲಿಸ್ಬನ್ ಒರಾಟರಿಯಿಂದ ತರಿಸಿಕೊಂಡು ತಮಗೆ ಹೊಂದಿಸಿಕೊಂಡರು.

ಇಲ್ಲೊಂದು ಮಾತನ್ನು ಸುಮ್ನೆ ದಾಟಿ ಹೋಗುವಂತಿಲ್ಲ. ಬಣ್ಣದ ಕಾರಣಕ್ಕೆ ಹೊರಗುಳಿದವರು ಕಟ್ಟಿದ ಈ ಮನೆಯೊಳಗೆ ಜಾತಿ ಉಳಿದೇ ಇತ್ತು. ಗೋವಾದ ಒರಾಟರಿ ಬ್ರಾಹ್ಮಣ ಮೂಲದ ಪಾದ್ರಿಗಳ ಮನೆಯಾಗಿಯೇ ಬೆಳೆಯಿತು. ಮುಂದೆ ಕ್ಷತ್ರಿಯ ಮೂಲದ ಚಾರ್ಡೊ ಸಮುದಾಯದ ಪಾದ್ರಿಗಳು ಚಿಂಬೆಲ್‌ನಲ್ಲಿ ಬೇರೆಯೇ ಕೂಟ ಕಟ್ಟಿಕೊಂಡರು.

ವಾಜ್ ಮಾತ್ರ ಆ ಮನೆಯಲ್ಲಿ ಜಾಸ್ತಿ ದಿನ ಕೂರಲಿಲ್ಲ. 1686ರಲ್ಲೇ ಹೊರಟು, ಮರುವರ್ಷ ಜಾಫ್ನಾ ತಲುಪಿದರು. ಡಚ್ಚರು ಆಗ ಲಂಕೆಯ ಕರಾವಳಿಯಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ಬಿಳಿ ಚರ್ಮದ ಪಾದ್ರಿ ಅಲ್ಲಿ ಒಂದು ದಿನವೂ ಅಡಗಿರಲಾಗುತ್ತಿರಲಿಲ್ಲ. ಬಡವನ ವೇಷದ ಗೋವಾದ ಮನುಷ್ಯ ಜನರ ನಡುವೆ ಬೆರೆತುಹೋದ. ಸಭೆಗಳು ಬೇಡವೆಂದ ಮೈಬಣ್ಣವೇ ಇಲ್ಲಿ ಕೆಲಸಕ್ಕೆ ಬಂತು. ಲಂಕೆಯ ಒಳನಾಡಿನ ಕ್ಯಾಂಡಿ ರಾಜ್ಯದಲ್ಲಿ ಪೋರ್ಚುಗೀಸರ ಗೂಢಚಾರ ಎಂಬ ಅನುಮಾನದ ಮೇಲೆ ಅಲ್ಲಿನ ರಾಜನ ಸೆರೆಯಾದರು. ಆಮೇಲೆ ಅದೇ ರಾಜನ ಆಶ್ರಯ ಸಿಕ್ಕಿತು. 1697ರ ಸಿಡುಬಿನಲ್ಲಿ ರೋಗಿಗಳ ಸೇವೆ ಮಾಡಿದರು.

ಲಂಕೆಯಲ್ಲಿ ಅವರ ಬೆನ್ನಿಗೆ ನಿಂತದ್ದು ಒರಾಟರಿಯೇ. ಗೋವಾದಿಂದ ಒಬ್ಬರ ಹಿಂದೊಬ್ಬರು ಪಾದ್ರಿಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳು ಎರಡರಲ್ಲೂ ಪುಸ್ತಕ ಬರೆದರು. ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡ ಮೇಲೂ ಈ ಸಾಲು ನಿಲ್ಲಲಿಲ್ಲ.

ಹಾಗಿದ್ದರೆ ಸಂತ ಪದವಿಗೆ 300 ವರ್ಷ ಯಾಕೆ ಬೇಕಾಯಿತು? ಒಬ್ಬರನ್ನು ಸಂತರೆಂದು ಘೋಷಿಸಬೇಕಾದರೆ ದಾಖಲೆ ಕೂಡಿಸಿ, ರೋಮಿನಲ್ಲಿ ಬೆನ್ನುಹತ್ತುವವರು ಬೇಕು. ಸಾಮಾನ್ಯವಾಗಿ ಆ ಕೆಲಸ ಅವರ ಸಭೆಯದು. ವಾಜ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಪ್ರಯತ್ನ ಶುರುವಾಗಿತ್ತು, ಆದರೆ ಕುಂಟುತ್ತ ಹೋಯಿತು. 1834ರಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಭೆಗಳನ್ನೆಲ್ಲ ರದ್ದು ಮಾಡಿತು. ಮರುವರ್ಷ ಗೋವಾ ಒರಾಟರಿಯೂ ಮುಚ್ಚಿತು. ಪ್ರತಿ ಮನೆಯೂ ಸ್ವತಂತ್ರ ಎಂಬ ವ್ಯವಸ್ಥೆ ಇಲ್ಲಿ ಮುಳುವಾಯಿತು ಎಂದು ನನಗನ್ನಿಸುತ್ತದೆ. ಗೋವಾದ ಮನೆ ಮುಚ್ಚಿದಾಗ ಅದರ ಕಡತಗಳನ್ನು ಎತ್ತಿಕೊಳ್ಳುವ ಕೇಂದ್ರ ಕಚೇರಿ ಬೇರೆಲ್ಲೂ ಇರಲಿಲ್ಲ.

ಕೊನೆಗೆ ಕೆಲಸ ಮುಂದುವರಿಸಿದ್ದು ಗೋವಾ ಮತ್ತು ಶ್ರೀಲಂಕಾದ ಭಕ್ತರು, ಧರ್ಮಪ್ರಾಂತ್ಯಗಳು. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊದಲ್ಲಿ ವಾಜ್ ಅವರನ್ನು ಪುನೀತರೆಂದು ಸಾರಿದರು, ಇದು ಸಂತ ಪದವಿಯ ಹಿಂದಿನ ಮೆಟ್ಟಿಲು. 2015ರ ಜನವರಿ 14ರಂದು ಅದೇ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟರು. ಅದಕ್ಕೆ ಬೇಕಿದ್ದ ಎರಡನೇ ಪವಾಡದ ಷರತ್ತನ್ನೂ ಅವರು ಕೈಬಿಟ್ಟಿದ್ದರು.